ಐಸ್ ಬೋಗುಣಿಯಲ್ಲಿ ಒಂದು ಕಿಡ್ನಿ: ಕಸಿಗೆ ಮುಂಚಿನ ಬೆಂಚ್ ಕೆಲಸ ಹೇಗೆ ಮಾಡಬೇಕು

ಓಟಿ ಬಾಗಿಲಿನ ಹೊರಗೆ ಕೂತ ಮನೆಯವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ತಾಯೀದು ಕಿಡ್ನಿ ತಗದಾತಂತಲ್ರಿ ಡಾಕ್ಟ್ರ, ಮಗಗ ಇನ್ನೂ ಯಾಕ ಹಾಕಿಲ್ರಿ?" ಸವದತ್ತಿಯಿಂದ, ಜಮಖಂಡಿಯಿಂದ, ಇಂಡಿಯಿಂದ ಬೆಳಗಾವಿಗೆ ಬಂದು ನಸುಕಿನಿಂದ ಕಾಯುತ್ತಾ ಕೂತವರು ಅವರು. ಒಂದು ಕಡೆ ತೆಗೆದ ಕಿಡ್ನಿಯನ್ನು ಇನ್ನೊಂದು ಕಡೆ ಹಾಗೇ ಎತ್ತಿ ಕೂರಿಸುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ನಡುವೆ ಒಂದು ಕೆಲಸ ಇದೆ. ಕಿಡ್ನಿಯನ್ನು ಐಸ್ ತುಂಬಿದ ಬೋಗುಣಿಯಲ್ಲಿ ಇಟ್ಟುಕೊಂಡು ಕೊಬ್ಬು ಬಿಡಿಸಬೇಕು. ರಕ್ತನಾಳಗಳನ್ನು ಹುಡುಕಬೇಕು. ಸೋರುವ ಕಡೆ ಕಟ್ಟಬೇಕು. ಹೊಲಿಗೆಗೆ ಸಜ್ಜು ಮಾಡಬೇಕು. ಓಟಿಯಲ್ಲಿ ಇದನ್ನು ಬೆಂಚ್ ಕೆಲಸ ಅನ್ನುತ್ತೇವೆ, ಕೆಲವರು ಬ್ಯಾಕ್ ಟೇಬಲ್ ಅನ್ನುತ್ತಾರೆ. ಜೀವಂತ ದಾನಿಯ ಕಿಡ್ನಿಗೆ ಅರ್ಧ ಗಂಟೆ ಆಚೀಚೆ ಸಾಕು. ಮೃತ ದಾನಿಯದಾದರೆ ಒಂದು ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಯುರಾಲಜಿಗೆ ಹೊಸದಾಗಿ ಸೇರಿದ ಪಿಜಿಗಳಿಗೆ, ಕಸಿ ಓಟಿಗೆ ಮೊದಲ ಸಲ ಬರುವ ಸಿಸ್ಟರ್‌ಗಳಿಗೆ, ಟೆಕ್ನಿಷಿಯನ್‌ಗಳಿಗೆ. ಓದಿಕೊಂಡು ಒಬ್ಬರೇ ಮಾಡುವ ಕೆಲಸ ಇದಲ್ಲ. ಪಕ್ಕದಲ್ಲಿ ಕೈ ಪಳಗಿದ ಸರ್ಜನ್ ನಿಂತಿರಲೇಬೇಕು. ದಾನಿಯ ಮನೆಯವರು ಓದಿದರೂ ನನಗೆ ಸಂತೋಷವೇ. ತಮ್ಮವರ ದೇಹದ ಒಂದು ಭಾಗ ಆ ಅರ್ಧ ಗಂಟೆ ಎಲ್ಲಿರುತ್ತದೆ, ಯಾರ ಕೈಯಲ್ಲಿರುತ್ತದೆ ಅಂತ ತಿಳಿಯುವ ಹಕ್ಕು ಅವರಿಗಿದೆ. ಅಪಧಮನಿ, ಅಭಿಧಮನಿ, ಮೂತ್ರನಾಳ ಅಂತ ಪುಸ್ತಕದಲ್ಲಿ ಇರುತ್ತದೆ. ಓಟಿಯಲ್ಲಿ ಆರ್ಟರಿ, ವೇನ್, ಯುರೆಟರ್ ಅಂತಲೇ ಮಾತಾಡುತ್ತೇವೆ. ಇಲ್ಲೂ ಹಾಗೇ ಬರೆಯುತ್ತೇನೆ.

ಮೊದಲೇ ಒಂದು ಮಾತು. ಹೊಸಬರಿಗೆ ಏನು ಕತ್ತರಿಸಬೇಕು ಅನ್ನುವುದು ಬೇಗ ಬರುತ್ತದೆ. ಏನನ್ನು ಮುಟ್ಟಬಾರದು ಅನ್ನುವುದು ಬರಲು ವರ್ಷಗಳು ಬೇಕು. ಈ ಲೇಖನದಲ್ಲಿ ನಾನು ಜಾಸ್ತಿ ಹೇಳುವುದು ಆ ಎರಡನೆಯದನ್ನೇ.

ಕಿಡ್ನಿ ಬರುವ ಮುಂಚೆ

ಟೇಬಲ್ ಮೊದಲು, ಕಿಡ್ನಿ ಆಮೇಲೆ. ಕಿಡ್ನಿ ಬಂದ ಮೇಲೆ ಬುಲ್‌ಡಾಗ್ ಕ್ಲಿಪ್, ಅಂದರೆ ನಾಳ ಮುಚ್ಚಿ ಹಿಡಿಯುವ ಸಣ್ಣ ಚಿಮುಟ, ಹುಡುಕುವ ಹಾಗೆ ಆಗಬಾರದು.

ಮುಖ್ಯ ಟೇಬಲ್‌ನಿಂದ ಸ್ವಲ್ಪ ದೂರ, ಒಳ್ಳೆಯ ಬೆಳಕಿನ ಕೆಳಗೆ, ಸ್ಟೆರೈಲ್ ಬಟ್ಟೆ ಹಾಸಿದ ಬೇರೆ ಟೇಬಲ್ ಇಡಿ. ಅದರ ಮೇಲೆ ಅಗಲ ಬಾಯಿಯ ಸ್ಟೀಲ್ ಬೋಗುಣಿ, ಅದರೊಳಗೆ ಕೂರುವ ಇನ್ನೊಂದು ಚಿಕ್ಕ ಬೋಗುಣಿ. ದೊಡ್ಡದರಲ್ಲಿ ಸ್ಲಶ್, ಅಂದರೆ ಪುಡಿ ಮಾಡಿದ ಸ್ಟೆರೈಲ್ ಐಸ್. ಚಿಕ್ಕದರಲ್ಲಿ ತಣ್ಣಗಿನ ಪ್ರಿಸರ್ವೇಶನ್ ದ್ರಾವಣ, ಅಂದರೆ ಅಂಗ ಕೆಡದಂತೆ ಕಾಯುವ ದ್ರಾವಣ. ಕಿಡ್ನಿ ಇರುವುದು ಈ ಚಿಕ್ಕದರಲ್ಲಿ.

ಉಪಕರಣ ಬಹಳ ಬೇಡ. ಸಣ್ಣ ಮೂತಿಯ ಕತ್ತರಿ ಎರಡು, ರಕ್ತನಾಳ ಸೀಳುವ ಪಾಟ್ಸ್ ಕತ್ತರಿ, ಡಿಬೇಕಿ ಫೋರ್ಸೆಪ್ಸ್ ಎರಡು, ಮಸ್ಕೀಟೊ ಕ್ಲ್ಯಾಂಪ್ ಆರೇಳು, ಬುಲ್‌ಡಾಗ್ ಎರಡು-ಮೂರು. ಕಟ್ಟಲು 3-0 ಮತ್ತು 4-0 ರೇಷ್ಮೆ ದಾರ. ಹೊಲಿಯಲು 6-0 ಮತ್ತು 7-0 ಪ್ರೊಲೀನ್. ಆರ್ಟರಿಗೆ ಹಾಕಲು ಮೊಂಡು ತುದಿಯ ಸಣ್ಣ ಕೊಳವೆ, ಅಂದರೆ ಕ್ಯಾನ್ಯುಲಾ, ಬೇರೆ ಬೇರೆ ಅಳತೆಯವು. ಕಣ್ಣಿಗೆ ಲೂಪ್, ಅಂದರೆ ದೊಡ್ಡದಾಗಿ ತೋರಿಸುವ ಕನ್ನಡಕ. ಗೋಡೆಯ ಗಡಿಯಾರ ಕಾಣುವ ಕಡೆಗೆ ಮುಖ ಮಾಡಿ ನಿಲ್ಲಿ.

ಸ್ಲಶ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎರಡು ಹೊದಿಕೆಯಲ್ಲಿ ಸ್ಟೆರೈಲ್ ಆಗಿ ಕಟ್ಟಿದ ಸಲೈನ್ ಅನ್ನು ಹಿಂದಿನ ರಾತ್ರಿಯೇ ಡೀಪ್ ಫ್ರೀಜರ್‌ನಲ್ಲಿ ಇಟ್ಟಿರಬೇಕು. ರಾತ್ರಿ ಕರೆಂಟ್ ಹೋಗಿ ಬಂದಿದ್ದರೆ ಬೆಳಿಗ್ಗೆ ಒಮ್ಮೆ ಒತ್ತಿ ನೋಡಿ. ಹೊರಗಿನ ಹೊದಿಕೆಯನ್ನು ಹೊರಗಿನವರು ಬಿಚ್ಚುತ್ತಾರೆ, ಒಳಗಿನದನ್ನು ಸ್ಕ್ರಬ್ ಆದವರು ತೆಗೆದುಕೊಂಡು ಸುತ್ತಿಗೆಯಿಂದ ಒಡೆಯುತ್ತಾರೆ. ಹದ ಹೇಗಿರಬೇಕು? ಬೇಸಿಗೆಯಲ್ಲಿ ಗಾಡಿಯವನು ಮಾಡಿ ಕೊಡುತ್ತಾನಲ್ಲ, ಬರ್ಫದ ಗೋಲಾ, ಆ ಹದ. ಬೆರಳಿನಿಂದ ಒತ್ತಿದರೆ ತಗ್ಗಬೇಕು. ಗಟ್ಟಿ ಹೆಂಟೆ ಉಳಿದಿದ್ದರೆ ಅದರ ಮೂಲೆ ಕಿಡ್ನಿಯ ಮೈಗೆ ಚುಚ್ಚುತ್ತದೆ. ಐಸ್ ನೇರವಾಗಿ ಮೈಗೆ ತಾಗಿ ಕೂತರೆ ಆ ಜಾಗ ಹೆಪ್ಪುಗಟ್ಟಿ ಹಾಳಾಗುತ್ತದೆ. ಅದಕ್ಕೇ ನಡುವೆ ದ್ರಾವಣ ಇರಬೇಕು, ಇಲ್ಲವೇ ಒದ್ದೆ ಗಾಜ್ ಇರಬೇಕು. ನಮಗೆ ಬೇಕಾದದ್ದು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು, ಗಡ್ಡೆ ಕಟ್ಟುವ ತಂಪು ಬೇಡ.

ಇಷ್ಟು ತಂಪು ಯಾಕೆ? ರಕ್ತ ನಿಂತ ಮೇಲೂ ಜೀವಕೋಶಗಳು ಕೆಲಸ ಮಾಡುತ್ತಲೇ ಇರುತ್ತವೆ. ಆಮ್ಲಜನಕ ಬರುವುದಿಲ್ಲ, ಖರ್ಚು ಮಾತ್ರ ನಡೆಯುತ್ತದೆ. ಮೈ ಬಿಸಿಯಲ್ಲೇ ಇಟ್ಟರೆ ಅರ್ಧ ಗಂಟೆಯೊಳಗೆ ಕೆಡುಕು ಶುರುವಾಗುತ್ತದೆ. 4 ಡಿಗ್ರಿಗೆ ಇಳಿಸಿದರೆ ಕೋಶಗಳ ಖರ್ಚು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಬರುತ್ತದೆ. ಆಗ ನಿಮಿಷಗಳ ಬದಲು ಗಂಟೆಗಳು ನಮ್ಮ ಕೈಗೆ ಸಿಗುತ್ತವೆ. ಮೃತ ದಾನಿಯ ಕಿಡ್ನಿಯನ್ನು 24 ಗಂಟೆಯೊಳಗೆ ಜೋಡಿಸಬೇಕು ಅನ್ನುವುದು ಸಾಮಾನ್ಯ ಗುರಿ. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಚೀಟಿ ಓದಿ, ಟೈಮ್ ಬರೆಯಿರಿ

ಪಕ್ಕದ ಓಟಿಯಿಂದಲೇ ಬಂದ ಕಿಡ್ನಿಯಾದರೂ ಸರಿ, ಹುಬ್ಬಳ್ಳಿಯಿಂದ ಹೈವೇ ಹಿಡಿದು ಬಂದದ್ದಾದರೂ ಸರಿ, ಬೆಂಗಳೂರಿನಿಂದ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಂದದ್ದಾದರೂ ಸರಿ, ಮೊದಲು ಚೀಟಿ ಓದಿ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ರೋಗಿಯ ಫೈಲ್ ನೋಡಿ ಹೌದು ಅನ್ನಬೇಕು. ದಾನಿಯ ರಕ್ತದ ಗುಂಪು, ರೋಗಿಯ ರಕ್ತದ ಗುಂಪು, ಎಡವೋ ಬಲವೋ, ಎಷ್ಟು ಆರ್ಟರಿ, ರಕ್ತ ನಿಲ್ಲಿಸಿದ ಸಮಯ, ತಣ್ಣಗಿನ ದ್ರಾವಣ ಹರಿಸಲು ಶುರು ಮಾಡಿದ ಸಮಯ. ಮೃತ ದಾನಿಯ ಅಂಗ ಯಾರಿಗೆ ಅನ್ನುವುದನ್ನು ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ಸರದಿಯ ಪ್ರಕಾರ ನಿರ್ಧರಿಸುತ್ತದೆ. ಅವರು ಕೊಟ್ಟ ನಂಬರ್ ಪೆಟ್ಟಿಗೆಯ ಮೇಲೆ, ಒಳಗಿನ ಚೀಲದ ಮೇಲೆ, ಕಾಗದದ ಮೇಲೆ ಒಂದೇ ಇರಬೇಕು. 1994ರ ಅಂಗಾಂಗ ಕಸಿ ಕಾಯ್ದೆಯ ಕಾಗದಪತ್ರ ಎಲ್ಲಾ ಈ ಹೊತ್ತಿಗೆ ಮುಗಿದಿರುತ್ತದೆ. ಆದರೂ ಈ ಕೊನೆಯ ಓದು ನಮ್ಮದೇ ಹೊಣೆ.

ಹೊರಗಿನಿಂದ ಬಂದ ಕಿಡ್ನಿ ಒಂದರೊಳಗೊಂದು ಮೂರು ಚೀಲದಲ್ಲಿರುತ್ತದೆ. ಒಳಗಿನ ಚೀಲದ ದ್ರಾವಣದಿಂದ ಸ್ವಲ್ಪ ತೆಗೆದು, ಸೋಂಕು ಇದೆಯೇ ಅಂತ ನೋಡಲು ಕಲ್ಚರ್‌ಗೆ ಕಳಿಸಿ. ಮುಂದೆ ರೋಗಿಗೆ ಜ್ವರ ಬಂದರೆ ಆ ರಿಪೋರ್ಟ್ ಬೇಕಾಗುತ್ತದೆ.

ಗುರುತು ಹಿಡಿಯುವುದು

ಬೋಗುಣಿಗೆ ಬಂದ ಕಿಡ್ನಿಯನ್ನು ತಕ್ಷಣ ಕತ್ತರಿಸಲು ಹೋಗಬೇಡಿ. ಸುಮ್ನೆ ನೋಡಿ. ಸುಮಾರು 11 ಸೆಂಟಿಮೀಟರ್ ಉದ್ದ, 150 ಗ್ರಾಂ ಆಸುಪಾಸು ತೂಕ. ಮೃತ ದಾನಿಯದಾದರೆ ಹಳದಿ ಕೊಬ್ಬಿನ ಗಂಟಿನ ಹಾಗೆ ಕಾಣುತ್ತದೆ, ಒಳಗೆ ಕಿಡ್ನಿ ಎಲ್ಲಿದೆ ಅನ್ನುವುದೇ ತಿಳಿಯುವುದಿಲ್ಲ. ಮೇಲಿನ ತುದಿಯಲ್ಲಿ ಅಡ್ರಿನಲ್ ಗ್ರಂಥಿ ಟೋಪಿಯ ಹಾಗೆ ಕೂತಿರುತ್ತದೆ. ಯುರೆಟರ್ ಇಳಿಯುವ ಕಡೆ ಕೆಳಗಿನ ತುದಿ. ನಡುವಿನ ಬಾಯಿಯಲ್ಲಿ, ಅಂದರೆ ನಾಳಗಳು ಕಿಡ್ನಿಯೊಳಗೆ ಹೋಗುವ ತಗ್ಗಿನಲ್ಲಿ, ಮುಂದಿನಿಂದ ಹಿಂದಕ್ಕೆ ಬರುವ ಕ್ರಮ: ವೇನ್, ಆರ್ಟರಿ, ಕೊನೆಗೆ ಯುರೆಟರ್‌ನ ಬುಡ. ಈ ಮೂರು ಸಿಕ್ಕಿದರೆ ಎಡ-ಬಲ ತಪ್ಪುವುದಿಲ್ಲ.

ತೊಳೆಯುವುದು

ಜೀವಂತ ದಾನಿಯ ಕಿಡ್ನಿ ಬಂದಾಗ ಇದೇ ಮೊದಲ ಕೆಲಸ, ಅದೂ ಒಂದು ಕ್ಷಣ ತಡ ಮಾಡದೆ. ದಾನಿಯ ಹೊಟ್ಟೆಯಿಂದ ಹೊರಗೆ ಬಂದಾಗ ಅದು ಬಿಸಿಯಾಗಿರುತ್ತದೆ, ಒಳಗೆ ರಕ್ತ ತುಂಬಿರುತ್ತದೆ, ನಸು ನೇರಳೆ ಬಣ್ಣ. ರಕ್ತನಾಳದ ತುದಿಯಲ್ಲಿ ಸ್ಟೇಪ್ಲರ್ ಹಾಕಿದ ಸಣ್ಣ ಪಿನ್ನುಗಳ ಸಾಲು ಇದ್ದರೆ ಅದನ್ನು ನೇರವಾಗಿ, ಆದಷ್ಟು ಕಡಿಮೆ ಉದ್ದ ಹೋಗುವ ಹಾಗೆ ಕತ್ತರಿಸಿ. ಆರ್ಟರಿಯ ಬಾಯಿಗೆ ಕ್ಯಾನ್ಯುಲಾದ ತುದಿಯಷ್ಟೇ ತಾಗಲಿ. ಒಳಕ್ಕೆ ತುರುಕಿದರೆ ಒಳಪದರ ಕಿತ್ತು ಬರುತ್ತದೆ, ಆ ಕಿತ್ತ ಚೂರೇ ಮುಂದೆ ರಕ್ತ ಹೆಪ್ಪುಗಟ್ಟಲು ನೆಪ.

ದ್ರಾವಣದ ಚೀಲವನ್ನು ಟೇಬಲ್‌ಗಿಂತ ಸುಮಾರು ಒಂದು ಮೀಟರ್ ಎತ್ತರಕ್ಕೆ ತೂಗುಹಾಕಿ. ತನ್ನ ಭಾರಕ್ಕೆ ತಾನೇ ಇಳಿಯಲಿ. ಸಿರಿಂಜ್ ಹಿಡಿದು ಒತ್ತಬೇಡಿ. ಯಾವ ದ್ರಾವಣ ಅನ್ನುವುದು ಆಸ್ಪತ್ರೆಯ ರೂಢಿ. ಎಚ್‌ಟಿಕೆ ನೀರಿನಷ್ಟು ತೆಳು, ಸರಾಗ ಹರಿಯುತ್ತದೆ. ಅದನ್ನು ಜರ್ಮನಿಯಲ್ಲಿ ಮೊದಲು ರೂಪಿಸಿದ್ದು ಹೃದಯದ ಆಪರೇಷನ್‌ಗೆ. ಯುಡಬ್ಲ್ಯು ದ್ರಾವಣ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಬಂದದ್ದು, ಸ್ವಲ್ಪ ಮಂದ. ಜೀವಂತ ದಾನಿಯ ಕಿಡ್ನಿ ಕೂಡಲೇ ಒಳಗೆ ಹೋಗುವುದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಬೆರೆಸಿದ ತಣ್ಣಗಿನ ರಿಂಗರ್ ಲ್ಯಾಕ್ಟೇಟ್‌ನಲ್ಲೇ ಕೆಲಸ ಮುಗಿಸುವ ಕಡೆಯೂ ಇದೆ.

ಈಗ ಕಣ್ಣು ಕಿಡ್ನಿಯ ಮೈ ಮೇಲೆ ಇರಲಿ. ಈ ಎರಡು-ಮೂರು ನಿಮಿಷ ನೋಡಿದಷ್ಟೂ ಕಲಿಕೆ. ದ್ರಾವಣ ಇಳಿಯುತ್ತಿದ್ದಂತೆ ನೇರಳೆ ಹೋಗಿ, ಚುಕ್ಕೆ ಚುಕ್ಕೆಯಾಗಿ, ಬೂದು ಬೆರೆತ ಬಿಳಿ ಹರಡುತ್ತದೆ. ವೇನ್ ಬಾಯಿಂದ ಮೊದಲು ಕೆಂಪು, ಆಮೇಲೆ ತೆಳು ಗುಲಾಬಿ, ಕೊನೆಗೆ ತಿಳಿ ನೀರು ಬರುತ್ತದೆ. ಎಲ್ಲಾ ಬಿಳಿಯಾಗಿ ಒಂದು ತುದಿ ಮಾತ್ರ ನೇರಳೆಯಾಗಿಯೇ ಉಳಿಯಿತು ಅನ್ನಿ. ಆ ಭಾಗಕ್ಕೆ ಬೇರೆ ಆರ್ಟರಿ ಇದೆ ಅಂತ ಕಿಡ್ನಿಯೇ ಹೇಳಿದ ಹಾಗೆ. ಸ್ಕ್ಯಾನ್‌ನಲ್ಲಿ ಒಂದೇ ಆರ್ಟರಿ ಅಂತ ಬರೆದಿದ್ದರೂ ಕಿಡ್ನಿಯ ಮಾತನ್ನೇ ನಂಬಿ. ಎರಡನೆಯ ಬಾಯಿ ಹುಡುಕಿ, ಅದಕ್ಕೂ ಬೇರೆಯಾಗಿ ದ್ರಾವಣ ಕೊಡಿ.

ಕೊಬ್ಬು ಬಿಡಿಸುವುದು

ಬಾಯಿಯಿಂದ ದೂರ, ಹೊರಗಿನ ಉಬ್ಬಿದ ಅಂಚಿನಲ್ಲಿ ಶುರು ಮಾಡಿ. ಅಲ್ಲಿ ಕೊಬ್ಬಿನ ಮೇಲಿನ ಜೆರೋಟಾ ಪೊರೆಯನ್ನು ಉದ್ದಕ್ಕೆ ಸೀಳಿ, ಕಿಡ್ನಿಯ ಹೊಳೆಯುವ ಕವಚ ಕಾಣುವವರೆಗೆ ಇಳಿಯಿರಿ. ಸರಿಯಾದ ಪದರ ಸಿಕ್ಕರೆ ಕೊಬ್ಬು ಸಲೀಸಾಗಿ ಬಿಟ್ಟುಕೊಂಡು ಬರುತ್ತದೆ, ಕತ್ತರಿಗೆ ಜಾಸ್ತಿ ಕೆಲಸ ಇರುವುದಿಲ್ಲ. ವಯಸ್ಸಾದ ದಾನಿಗಳಲ್ಲಿ, ಬಿಪಿ ಇದ್ದವರಲ್ಲಿ ಕೊಬ್ಬು ಕವಚಕ್ಕೆ ಅಂಟಿಕೊಂಡಿರುತ್ತದೆ. ಎಳೆದರೆ ಕವಚವೇ ಸುಲಿದು ಬರುತ್ತದೆ, ರಕ್ತ ಹರಿಯಲು ಶುರುವಾದ ಮೇಲೆ ಆ ಜಾಗ ಜಿನುಗುತ್ತಲೇ ಇರುತ್ತದೆ. ಅಂಟಿದ ಕಡೆ ಸ್ವಲ್ಪ ಕೊಬ್ಬು ಬಿಟ್ಟುಬಿಡಿ. ನೋಡಲು ಚೆಂದ ಇಲ್ಲ ಅಂತ ಯಾವ ಕಿಡ್ನಿಯೂ ಕೆಲಸ ನಿಲ್ಲಿಸುವುದಿಲ್ಲ.

ಹಾಗಾದರೆ ಕೊಬ್ಬು ತೆಗೆಯುವುದಾದರೂ ಯಾಕೆ? ಎರಡು ಕಾರಣ. ತಂಪು ಒಳಗೆ ಇಳಿಯಲಿ ಅಂತ ಒಂದು. ಮೈಯನ್ನು ಪೂರ್ತಿ ನೋಡಬೇಕು ಅಂತ ಇನ್ನೊಂದು. ನೀರು ಗುಳ್ಳೆ, ಹಳೆಯ ಗಾಯದ ಕಲೆ, ಸಣ್ಣ ಗಂಟು ಇವೆಲ್ಲ ಕೊಬ್ಬಿನ ಕೆಳಗೆ ಅಡಗಿರುತ್ತವೆ. ಅನುಮಾನದ ಗಂಟು ಕಂಡರೆ ಕೈ ನಿಲ್ಲಿಸಿ ಹಿರಿಯರನ್ನು ಕರೆಯಿರಿ. ಅದರ ಚೂರು ಪೆಥಾಲಜಿಗೆ ಹೋಗಿ ಉತ್ತರ ಬರುವವರೆಗೆ ಕಿಡ್ನಿ ಐಸ್‌ನಲ್ಲಿ ಕಾಯಲಿ.

ಅಡ್ರಿನಲ್ ಗ್ರಂಥಿಯನ್ನು ಬಿಡಿಸಿ ತೆಗೆಯಿರಿ. ಅದಕ್ಕೆ ಹೋಗುವ ಸಣ್ಣ ನಾಳಗಳನ್ನು ಕಟ್ಟಿ. ಮೇಲಿನ ತುದಿಗೆ ಹೋಗುವ ಸಣ್ಣ ಆರ್ಟರಿ ಇದರ ಪಕ್ಕದಲ್ಲೇ ಓಡಬಹುದು, ಕಟ್ಟುವ ಮುಂಚೆ ಅದು ಕಿಡ್ನಿಯ ಕಡೆ ಹೋಗುತ್ತಿಲ್ಲ ಅಂತ ನೋಡಿಕೊಳ್ಳಿ.

ವೇನ್

ಎಡ ಕಿಡ್ನಿಯ ವೇನ್ ಉದ್ದ, ಬಲದ್ದು ಮೋಟು. ಜೀವಂತ ದಾನಿಯಲ್ಲಿ ಸಾಮಾನ್ಯವಾಗಿ ಎಡವನ್ನು ಆರಿಸುವುದು ಇದೇ ಕಾರಣಕ್ಕೆ. ಎಡದ ವೇನ್‌ಗೆ ಮೂರು ಕವಲು ನೆನಪಿಡಿ: ಮೇಲಿನಿಂದ ಅಡ್ರಿನಲ್, ಕೆಳಗಿನಿಂದ ಗೊನಾಡಲ್, ಹಿಂದಿನಿಂದ ಲಂಬಾರ್. ಮೂರನ್ನೂ ರೇಷ್ಮೆ ದಾರದಿಂದ ಕಟ್ಟಿ. ತೀರಾ ಬುಡಕ್ಕೆ ಕಟ್ಟಿದರೆ ದೊಡ್ಡ ವೇನ್ ಸುಕ್ಕುಗಟ್ಟಿ ಕಿರಿದಾಗುತ್ತದೆ. ಹಿಂದಿನ ಲಂಬಾರ್ ಕಣ್ಣಿಗೆ ಬೀಳದೆ ಉಳಿಯುವುದು ಜಾಸ್ತಿ. ವೇನ್ ಅನ್ನು ಮೆಲ್ಲಗೆ ಎತ್ತಿ ಬೆನ್ನು ನೋಡಿ.

ಬಲದ್ದಕ್ಕೆ ಮೃತ ದಾನಿಯಲ್ಲಿ ಒಂದು ಅನುಕೂಲ ಇದೆ. ಕಿಡ್ನಿಯ ಜೊತೆಗೇ ದೊಡ್ಡ ಅಭಿಧಮನಿ, ಅಂದರೆ ಐವಿಸಿಯ ತುಂಡು ಬಂದಿರುತ್ತದೆ. ಅದರ ಗೋಡೆಯನ್ನು ಹೊಲಿದು ಕೊಳವೆ ಮಾಡಿಕೊಂಡರೆ ಮೋಟು ವೇನ್‌ಗೆ ಉದ್ದ ಸಿಗುತ್ತದೆ. ಆದ್ದರಿಂದ ಐವಿಸಿಯ ಚೂರನ್ನು ಆತುರದಲ್ಲಿ ಕತ್ತರಿಸಿ ಎಸೆಯಬೇಡಿ.

ವೇನ್ ಎರಡು ಇದ್ದರೆ ದಿಗಿಲು ಬೇಡ. ಕಿಡ್ನಿಯೊಳಗೆ ವೇನ್‌ಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ದೊಡ್ಡದನ್ನು ಉಳಿಸಿಕೊಂಡು ಚಿಕ್ಕದನ್ನು ಕಟ್ಟಿದರೆ ರಕ್ತ ಇನ್ನೊಂದು ದಾರಿಯಿಂದ ಹೊರಗೆ ಬರುತ್ತದೆ. ಆರ್ಟರಿಗೆ ಈ ಸೌಲಭ್ಯ ಇಲ್ಲ.

ಆರ್ಟರಿ

ಕಿಡ್ನಿಯ ಆರ್ಟರಿಗಳು ಕೊನೆಯ ಹೊಲಕ್ಕೆ ಹೋಗುವ ಕಾಲುವೆಯ ಹಾಗೆ. ಘಟಪ್ರಭಾ ಎಡದಂಡೆ ಕಾಲುವೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಒಂದು ಹಿಸ್ಸೆ ಮುಚ್ಚಿದರೆ ಆ ಹೊಲ ಒಣಗುತ್ತದೆ, ಪಕ್ಕದವರ ನೀರು ಅಲ್ಲಿಗೆ ಹತ್ತುವುದಿಲ್ಲ. ಒಂದು ಆರ್ಟರಿ ಕಟ್ಟಿದರೆ ಅದು ನೀರುಣಿಸುವ ಕಿಡ್ನಿಯ ತುಂಡು ಸಾಯುತ್ತದೆ. ಸುಮಾರು ನಾಲ್ಕರಲ್ಲಿ ಒಂದು ಕಿಡ್ನಿಗೆ ಒಂದಕ್ಕಿಂತ ಹೆಚ್ಚು ಆರ್ಟರಿ ಇರುತ್ತದೆ. ಅಂದರೆ ಇದು ಅಪರೂಪದ ಮಾತಲ್ಲ.

ಮೃತ ದಾನಿಯ ಕಿಡ್ನಿಯಲ್ಲಿ ಕೆಲಸವನ್ನು ಯಾವಾಗಲೂ ಮಹಾಪಧಮನಿಯ, ಅಂದರೆ ಅಯೋರ್ಟಾದ ಕಡೆಯಿಂದ ಶುರು ಮಾಡಿ. ಅದರ ಒಳಗೋಡೆಯನ್ನು ಬಿಡಿಸಿ ಹಿಡಿದರೆ ಆರ್ಟರಿಗಳ ಬಾಯಿ ತೂತುಗಳ ಹಾಗೆ ಕಾಣುತ್ತವೆ. ಎಷ್ಟು ತೂತು ಅಂತ ಎಣಿಸಿ. ಒಂದೊಂದನ್ನೂ ಹಿಡಿದು ಕಿಡ್ನಿಯ ಕಡೆಗೆ ಸಾಗಿ. ಕಿಡ್ನಿಯ ಬಾಯಿ ಹತ್ತಿರ ಬಂದಾಗ ನಿಲ್ಲಿಸಿ. ಒಳಗೆ ಅದು ಕವಲೊಡೆಯುವ ಜಾಗದಲ್ಲಿ ಕತ್ತರಿ ಆಡಿಸುವುದರಿಂದ ಲಾಭ ಏನೂ ಇಲ್ಲ, ಅಪಾಯ ಬಹಳ.

ಆರ್ಟರಿಯ ಬಾಯಿಯ ಸುತ್ತ ಅಯೋರ್ಟಾದ ಗೋಡೆಯನ್ನು ಚಿಕ್ಕ ತಟ್ಟೆಯ ಹಾಗೆ ಉಳಿಸಿ ಕತ್ತರಿಸುತ್ತೇವೆ. ಇದಕ್ಕೆ ಕ್ಯಾರೆಲ್ ಪ್ಯಾಚ್ ಅಂತ ಹೆಸರು. ಎರಡು ಬಾಯಿ ಹತ್ತಿರ ಹತ್ತಿರ ಇದ್ದರೆ ಒಂದೇ ಪ್ಯಾಚ್‌ನಲ್ಲಿ ಎರಡೂ ಬರುತ್ತವೆ, ರೋಗಿಯಲ್ಲಿ ಒಂದೇ ಹೊಲಿಗೆ ಸಾಕು. ಜೀವಂತ ದಾನಿಯಲ್ಲಿ ಈ ಪ್ಯಾಚ್ ಸಿಗುವುದಿಲ್ಲ. ಬದುಕಿರುವವರ ಅಯೋರ್ಟಾ ಕತ್ತರಿಸಲು ಆಗುತ್ತದೆಯೇ? ಅಲ್ಲಿ ಆರ್ಟರಿಯ ತುದಿಯಷ್ಟೇ ನಮ್ಮ ಪಾಲು.

ಕ್ಯಾರೆಲ್ ಕಥೆ ನಮ್ಮ ಭಾಗದವರಿಗೆ ಹೇಳಲೇಬೇಕು. ಅಲೆಕ್ಸಿಸ್ ಕ್ಯಾರೆಲ್ ಫ್ರಾನ್ಸಿನ ಲಿಯಾನ್ ಊರಿನ ಡಾಕ್ಟರ್. 1894ರಲ್ಲಿ ಅದೇ ಊರಲ್ಲಿ ಫ್ರಾನ್ಸ್‌ನ ಅಧ್ಯಕ್ಷರಿಗೆ ಚೂರಿ ಹಾಕಿದರು. ದೊಡ್ಡ ರಕ್ತನಾಳ ತುಂಡಾಗಿತ್ತು, ಅದನ್ನು ಹೊಲಿಯುವ ವಿದ್ಯೆ ಯಾರಿಗೂ ಗೊತ್ತಿರಲಿಲ್ಲ, ಅವರು ತೀರಿಕೊಂಡರು. ಆಗಿನ್ನೂ ಎಳೆಯ ಕ್ಯಾರೆಲ್ ಆ ಹೊಲಿಗೆಯ ಹಿಂದೆ ಬಿದ್ದ. ಸಣ್ಣ ಸೂಜಿ ಹಿಡಿಯುವುದನ್ನು ಊರಿನ ಕಸೂತಿ ಕೆಲಸದ ಹೆಣ್ಣುಮಗಳೊಬ್ಬಳಿಂದ ಕಲಿತ. ದುಂಡು ನಾಳಕ್ಕೆ ಮೂರು ಕಡೆ ಮೊದಲು ಹೊಲಿಗೆ ಹಾಕಿ ಎಳೆದು ಹಿಡಿದರೆ ಅದು ತ್ರಿಕೋನವಾಗುತ್ತದೆ, ಆಗ ನೇರ ಅಂಚಿನಲ್ಲಿ ಹೊಲಿಯಬಹುದು ಅಂತ ತೋರಿಸಿಕೊಟ್ಟ. 1912ರಲ್ಲಿ ನೊಬೆಲ್ ಬಂತು. ಇವತ್ತು ಬೆಳಗಾವಿಯಲ್ಲಿ ನಾವು ಹಾಕುವ ಹೊಲಿಗೆಯ ಬೇರು ಅಲ್ಲಿದೆ.

ನಮ್ಮ ಮನೆಗಳಲ್ಲಿ ಇಳಕಲ್ ಸೀರೆಗೆ ಕಸೂತಿ ಹಾಕುವವರನ್ನು ನೋಡಿದ್ದೀರಲ್ಲ? ಗವಂತಿ, ಮುರ್ಗಿ ಹೊಲಿಗೆಯಲ್ಲಿ ಸೀರೆಯ ಮೇಲು ಮಗ್ಗಲು, ಕೆಳ ಮಗ್ಗಲು ಎರಡೂ ಒಂದೇ ಥರ. ಗಂಟು ಕಾಣಬಾರದು. ಆರ್ಟರಿಯಲ್ಲಿಯೂ ಒಳಮಗ್ಗಲು ಹಾಗೇ ನುಣುಪಾಗಿರಬೇಕು. ಹೊರಗೆ ಎಷ್ಟು ಅಂದವಾಗಿ ಕಂಡರೂ ಒಳಗೆ ಒಂದು ಎಳೆ ಎದ್ದು ನಿಂತರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೆ ಸೂಜಿ ಒಳಗಿನಿಂದ ಹೊರಕ್ಕೆ ಬರಲಿ, ಒಳಪದರ ಗೋಡೆಗೆ ಒತ್ತಿಕೊಳ್ಳುತ್ತದೆ. ಗಂಟು ಯಾವಾಗಲೂ ಹೊರಗೆ. ಹೊಸ ಪಿಜಿಗಳಿಗೆ ನಾನು ಮನೆಯಲ್ಲಿ ಅಜ್ಜಿ, ಅವ್ವ ಯಾರಾದರೂ ಕಸೂತಿ ಮಾಡುತ್ತಿದ್ದರೆ ಪಕ್ಕದಲ್ಲಿ ಕೂತು ಅವರ ಬೆರಳು ನೋಡಿ ಅಂತ ಹೇಳುತ್ತೇನೆ.

ಈಗ ಎರಡು ಆರ್ಟರಿ ಇರುವ ಕಿಡ್ನಿ. ದಾರಿಗಳು ಮುಖ್ಯವಾಗಿ ಮೂರು. ಎರಡೂ ಸಮ ದಪ್ಪ, ಅಕ್ಕಪಕ್ಕ ಇದ್ದರೆ, ಒಳ ಅಂಚುಗಳನ್ನು ಸೀಳಿ ಒಂದಕ್ಕೊಂದು ಹೊಲಿಯಿರಿ. ಪ್ಯಾಂಟಿನ ಎರಡು ಕಾಲು ಸೊಂಟದಲ್ಲಿ ಕೂಡುವ ಹಾಗೆ ಎರಡಕ್ಕೂ ಒಂದೇ ಬಾಯಿ ಆಗುತ್ತದೆ. ಒಂದು ದಪ್ಪ, ಒಂದು ಸಣ್ಣ ಇದ್ದರೆ, ಸಣ್ಣದರ ತುದಿಯನ್ನು ದಪ್ಪದರ ಪಕ್ಕಕ್ಕೆ ಜೋಡಿಸಿ. ಬಹಳ ದೂರ ಇದ್ದರೆ ಬೆಂಚ್‌ನಲ್ಲಿ ಎಳೆದಾಡಬೇಡಿ. ರೋಗಿಯ ದೇಹದಲ್ಲಿ ಬೇರೆ ಬೇರೆ ನಾಳಕ್ಕೆ ಜೋಡಿಸಲಿ. ಕೆಳಗಿನ ಸಣ್ಣದಕ್ಕೆ ಹೊಟ್ಟೆಯ ಗೋಡೆಯ ಎಪಿಗ್ಯಾಸ್ಟ್ರಿಕ್ ಆರ್ಟರಿ ಒಳ್ಳೆಯ ಜೋಡಿ. ಬೆಂಚ್‌ನಲ್ಲಿ ಹೊಲಿದರೆ ತಂಪಿನಲ್ಲಿ, ಆತುರವಿಲ್ಲದೆ ಹೊಲಿಯಬಹುದು. ರೋಗಿಯೊಳಗೆ ಹೊಲಿಯುವ ಪ್ರತಿ ನಿಮಿಷವೂ ಕಿಡ್ನಿ ಬಿಸಿಯಾಗುತ್ತಿರುತ್ತದೆ. ಆದ್ದರಿಂದ ಸಾಧ್ಯವಾದದ್ದನ್ನು ಇಲ್ಲೇ ಮುಗಿಸುವುದು ನನ್ನ ಪದ್ಧತಿ.

ಮೇಲಿನ ತುದಿಗೆ ಹೋಗುವ, 2 ಮಿಲಿಮೀಟರ್‌ಗಿಂತ ಸಣ್ಣ ಆರ್ಟರಿಯನ್ನು ಕೆಲವೊಮ್ಮೆ ಕಟ್ಟಿಬಿಡುತ್ತೇವೆ, ಅದು ನೋಡಿಕೊಳ್ಳುವ ಜಾಗ ಸ್ವಲ್ಪವೇ ಇದ್ದರೆ. ಕೆಳಗಿನ ತುದಿಯದು ದಾರದಷ್ಟು ಸಣ್ಣ ಇದ್ದರೂ ಕಟ್ಟಬೇಡಿ. ಯುರೆಟರ್‌ನ ರಕ್ತ ಅದರಿಂದಲೇ ಬರುತ್ತಿರಬಹುದು.

ಯುರೆಟರ್ ಮತ್ತು ಮುಟ್ಟಬಾರದ ತ್ರಿಕೋನ

ಕಿಡ್ನಿಯ ಬಾಯಿ, ಕೆಳಗಿನ ತುದಿ, ಯುರೆಟರ್. ಈ ಮೂರರ ನಡುವೆ ಒಂದು ತ್ರಿಕೋನದ ಕೊಬ್ಬು ಇದೆ. ಬಂಗಾರದ ತ್ರಿಕೋನ ಅಂತ ಕರೆಯುತ್ತೇವೆ. ಬಂಗಾರ ಯಾಕೆ ಅಂದರೆ, ಯುರೆಟರ್ ದಾನಿಯ ದೇಹದಲ್ಲಿದ್ದಾಗ ಅದಕ್ಕೆ ಮೇಲಿನಿಂದ, ಪಕ್ಕದಿಂದ, ಕೆಳಗೆ ಮೂತ್ರಕೋಶದ ಕಡೆಯಿಂದ, ಹೀಗೆ ಹಲವು ಕಡೆಯಿಂದ ರಕ್ತ ಬರುತ್ತಿತ್ತು. ಕಿಡ್ನಿ ತೆಗೆದ ಮೇಲೆ ಉಳಿದದ್ದು ಮೇಲಿನ ದಾರಿ ಒಂದೇ. ಆ ಸಣ್ಣ ನಾಳಗಳು ಹೋಗುವುದು ಈ ಕೊಬ್ಬಿನೊಳಗೆ. ಬರಿಗಣ್ಣಿಗೆ ಕಾಣುವುದೇ ಇಲ್ಲ.

ನಾನು ಕಲಿಯುವಾಗ, ಬೇರೊಂದು ಊರಿನ ಆಸ್ಪತ್ರೆಯಲ್ಲಿ, ಒಂದು ಕಿಡ್ನಿಯನ್ನು ಬಹಳ ಅಚ್ಚುಕಟ್ಟಾಗಿ ಶುಚಿ ಮಾಡಿದ್ದೆ. ಯುರೆಟರ್ ಸುತ್ತ ಒಂದು ಚೂರು ಕೊಬ್ಬು ಬಿಟ್ಟಿರಲಿಲ್ಲ. ಬಿಳಿ ದಾರದ ಹಾಗೆ ಕಾಣುತ್ತಿತ್ತು. ಕಸಿ ಆಯಿತು, ಮೂತ್ರ ಬಂತು, ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ಇಳಿಯಿತು. ಏಳನೇ ದಿನ ಡ್ರೇನ್‌ನಲ್ಲಿ ನೀರು ಜಾಸ್ತಿಯಾಯಿತು. ಪರೀಕ್ಷೆಗೆ ಕಳಿಸಿದರೆ ಅದು ಮೂತ್ರ. ಮತ್ತೆ ಹೊಟ್ಟೆ ತೆರೆದು ನೋಡಿದಾಗ ಯುರೆಟರ್‌ನ ಕೆಳಭಾಗ ಕಪ್ಪಾಗಿತ್ತು. ರಕ್ತ ಇಲ್ಲದೆ ಸತ್ತಿತ್ತು. ನಮ್ಮ ಹಿರಿಯರು ರೋಗಿಯ ಸ್ವಂತ ಯುರೆಟರ್ ಅನ್ನು ತಂದು ಹೊಸ ಕಿಡ್ನಿಗೆ ಜೋಡಿಸಿದರು. ಕಿಡ್ನಿ ಉಳಿಯಿತು, ಆತ ಮನೆಗೆ ಹೋದ. ಆದರೆ ಎರಡನೇ ಆಪರೇಷನ್, ಇನ್ನೂ ಮೂರು ವಾರ ಆಸ್ಪತ್ರೆ, ಕಿಡ್ನಿ ಕೊಟ್ಟ ಅವನ ಅಕ್ಕನ ಅಳು, ಇಷ್ಟಕ್ಕೂ ಮೂಲ ನನ್ನ ಕತ್ತರಿ. ಅವತ್ತಿನಿಂದ ನಾನು ಆ ತ್ರಿಕೋನಕ್ಕೆ ಕೈ ಹಾಕಿಲ್ಲ.

ಮಾಡಬೇಕಾದದ್ದು ಇಷ್ಟು. ಯುರೆಟರ್‌ನ ಜೊತೆ ಅದರ ಸುತ್ತಲಿನ ಕೊಬ್ಬು, ಪೊರೆ ಎಲ್ಲವನ್ನೂ ಬೆರಳು ದಪ್ಪದ ಒಂದು ಪಟ್ಟಿಯಾಗಿ ಉಳಿಸಿ. ಫೋರ್ಸೆಪ್ಸ್‌ನಿಂದ ಯುರೆಟರ್‌ನ ಮೈ ಹಿಡಿಯಬೇಡಿ, ಪಕ್ಕದ ಕೊಬ್ಬು ಹಿಡಿದು ತಿರುಗಿಸಿ. ಒಂದೇ ಇದೆಯೋ ಎರಡು ಇದೆಯೋ ನೋಡಿ. ಉದ್ದ ಜಾಸ್ತಿ ಇದೆ ಅಂತ ಇಲ್ಲೇ ಕತ್ತರಿಸಬೇಡಿ. ರೋಗಿಯಲ್ಲಿ ಕಿಡ್ನಿ ಕೂತ ಮೇಲೆ, ತುದಿಯಲ್ಲಿ ರಕ್ತ ಜಿನುಗುವ ಜಾಗ ನೋಡಿಕೊಂಡು ಕತ್ತರಿಸುತ್ತಾರೆ.

ಒಂದು ಸಲ ಬೆಂಚ್ ಮುಂದೆ ನಿಂತ ಪಿಜಿ ಹುಡುಗಿ ಕೇಳಿದಳು, "ಸರ್, ಇಷ್ಟು ಕೊಬ್ಬು ಇಲ್ಲೇ ಬಿಡೂದೇನ್ರಿ? ಹೊಲಸ ಕಾಣ್ತೈತಲ್ರಿ." ಅವಳ ಕತ್ತರಿ ತೆಗೆದುಕೊಂಡು ಟ್ರೇಗೆ ಇಟ್ಟೆ. "ಇರಲಿ ಬಿಡವ್ವ. ಅದು ಅದರ ಊಟ," ಅಂದೆ.

ಸೋರಿಕೆ ನೋಡುವುದು

ಎಲ್ಲಾ ಆಯಿತು ಅನ್ನಿಸಿದ ಮೇಲೆ ಆರ್ಟರಿಗೆ ಮತ್ತೆ ಕ್ಯಾನ್ಯುಲಾ ಇಟ್ಟು ತಣ್ಣಗಿನ ದ್ರಾವಣ ಹರಿಸಿ. ವೇನ್ ಬಾಯಿಗೆ ಬುಲ್‌ಡಾಗ್ ಹಾಕಿ. ಕಿಡ್ನಿ ಸ್ವಲ್ಪ ಬಿಗಿಯಾಗುತ್ತದೆ, ಸೋರುವ ಜಾಗಗಳು ಒಂದೊಂದೇ ಹನಿ ಹನಿಯಾಗಿ ಕಾಣುತ್ತವೆ. ಜಾಸ್ತಿ ಹೊತ್ತು ಉಬ್ಬಿಸಿ ಇಡಬೇಡಿ. ಸಣ್ಣ ಕವಲಿದ್ದರೆ ಕಟ್ಟಿ. ಗೋಡೆಯಲ್ಲೇ ತೂತು ಇದ್ದರೆ 6-0 ಪ್ರೊಲೀನ್‌ನಿಂದ ಒಂದು ಹೊಲಿಗೆ. ಕಿಡ್ನಿಯ ಬಾಯಿಯೊಳಗಿಂದ ಸೋರುತ್ತಿದ್ದರೆ ಕುರುಡಾಗಿ ಸೂಜಿ ಹಾಕಬೇಡಿ, ಒಳಗಿನ ಆರ್ಟರಿ ಕವಲು ಸಿಕ್ಕಿಕೊಳ್ಳುತ್ತದೆ. ನಾಳ ಕಣ್ಣಿಗೆ ಕಂಡ ಮೇಲೆಯೇ ದಾರ.

ಇದಕ್ಕೆ ಐದು ನಿಮಿಷ ಜಾಸ್ತಿ ಹೋದರೂ ಹೋಗಲಿ. ನಮ್ಮ ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಒಂದು ಲೀಟರ್ ಆಸುಪಾಸು ರಕ್ತ ಹಾಯುತ್ತದೆ. ಇಲ್ಲಿ ಒಂದು ಹನಿಯಾಗಿ ಕಂಡದ್ದು ಕ್ಲ್ಯಾಂಪ್ ಬಿಟ್ಟ ಮೇಲೆ ಧಾರೆಯಾಗುತ್ತದೆ. ಆಗ ಕಿಡ್ನಿ ಹೊಟ್ಟೆಯ ಆಳದಲ್ಲಿರುತ್ತದೆ, ಹಿಂದೆ ತಿರುಗಿಸಿ ನೋಡುವುದು ಬಹಳ ಕಷ್ಟ.

ಕೆಲಸದ ಉದ್ದಕ್ಕೂ ಸ್ಲಶ್ ಕರಗುತ್ತಿರುತ್ತದೆ. ನಮ್ಮ ಕೈ ಬಿಸಿ, ದೀಪದ ಬಿಸಿ, ಎರಡೂ ಸೇರಿ ಬೋಗುಣಿ ಬೆಚ್ಚಗಾಗುವುದು ನಮಗೆ ತಿಳಿಯುವುದೇ ಇಲ್ಲ. ಸಿಸ್ಟರ್ ಹತ್ತು ನಿಮಿಷಕ್ಕೊಮ್ಮೆ ನೀರು ತೆಗೆದು ಹೊಸ ಸ್ಲಶ್ ಹಾಕಲಿ, ಸರ್ಜನ್ ಕೇಳುವುದಕ್ಕೆ ಕಾಯಬಾರದು. ಗ್ಲೌಸ್ ಒಳಗೆ ಬೆರಳು ಜೋಮು ಹಿಡಿಯದಿದ್ದರೆ ಬೋಗುಣಿ ಬೆಚ್ಚಗಾಗಿದೆ ಅಂತ ತಿಳಿಯಿರಿ.

ಸುತ್ತಿ ಕೊಡುವುದು

ಗಾಜ್ ಬಟ್ಟೆಯ ಮೇಲೆ ಸ್ಲಶ್ ಹರಡಿ, ನಡುವೆ ಒದ್ದೆ ಗಾಜ್‌ನ ಒಂದು ಪದರ ಇಟ್ಟು, ಕಿಡ್ನಿಯನ್ನು ಕೂಸಿಗೆ ಬಟ್ಟೆ ಸುತ್ತುವ ಹಾಗೆ ಸುತ್ತಿ. ಆರ್ಟರಿ, ವೇನ್ ಹೊರಗೆ ಬರಲು ಒಂದು ಕಿಂಡಿ ಇರಲಿ. ಮೇಲಿನ ತುದಿ ಯಾವುದು ಅಂತ ಗಾಜ್ ಮೇಲೆ ಒಂದು ದಾರ ಹಾಕಿ ಗುರುತು ಮಾಡಿ. ತಲೆಕೆಳಗಾಗಿ ಕೊಟ್ಟರೆ ಆರ್ಟರಿ ತಿರುಚಿಕೊಳ್ಳುತ್ತದೆ.

ಕೊಡುವ ಮುಂಚೆ ಸರ್ಜನ್‌ಗೆ ಗಟ್ಟಿಯಾಗಿ ಹೇಳಿ: ಎಡವೋ ಬಲವೋ, ಆರ್ಟರಿ ಎಷ್ಟು, ಏನು ಜೋಡಿಸಿದ್ದೀರಿ, ಏನು ಕಟ್ಟಿದ್ದೀರಿ, ಯುರೆಟರ್ ಎಷ್ಟು. ಅದನ್ನೇ ಚಿತ್ರದ ಜೊತೆ ಕೇಸ್ ಶೀಟ್‌ನಲ್ಲಿ ಬರೆಯಿರಿ. ಐಸ್‌ನಿಂದ ಎತ್ತಿದ ನಿಮಿಷವನ್ನು ಬೋರ್ಡ್ ಮೇಲೆ ಬರೆಯಿರಿ. ಅಲ್ಲಿಂದ ರಕ್ತ ಹರಿಯುವವರೆಗಿನ ಹೊತ್ತು ಅರ್ಧ ಗಂಟೆ, ಮುಕ್ಕಾಲು ಗಂಟೆಯೊಳಗೆ ಮುಗಿಯಬೇಕು.

ನಿಮ್ಮ ಕೆಲಸ ಇನ್ನೂ ಮುಗಿದಿಲ್ಲ. ಬೆಂಚ್ ಟೇಬಲ್ ಬಿಚ್ಚಬೇಡಿ. ಉಳಿದ ವೇನ್, ಆರ್ಟರಿಯ ತುಂಡುಗಳನ್ನು ತಣ್ಣಗಿನ ದ್ರಾವಣದಲ್ಲೇ ಇಡಿ, ಹೊಲಿಗೆಯಲ್ಲಿ ಏನಾದರೂ ತೊಡಕಾದರೆ ಅವೇ ತೇಪೆಗೆ ಬರುತ್ತವೆ. ಅಪರೂಪಕ್ಕೊಮ್ಮೆ ಕಿಡ್ನಿಯನ್ನು ಮತ್ತೆ ತೊಳೆಯಲು ಬೆಂಚ್‌ಗೇ ತರಬೇಕಾಗುತ್ತದೆ. ಸ್ಲಶ್ ಇರಲಿ, ಒಂದು ಚೀಲ ದ್ರಾವಣ ತೂಗುಹಾಕಿಯೇ ಇರಲಿ. ಕ್ಲ್ಯಾಂಪ್ ಬಿಟ್ಟು, ಬಿಳುಚಿದ ಕಿಡ್ನಿ ಗುಲಾಬಿಯಾಗಿ, ಮುಟ್ಟಿದರೆ ಬಿಗಿಯಾಗಿ, ಯುರೆಟರ್‌ನ ತುದಿಯಲ್ಲಿ ಮೂತ್ರದ ಹನಿ ಕಾಣಲಿ. ಗಾಜ್ ಎಣಿಕೆ ಸರಿ ಬರಲಿ. ಆಮೇಲೆ ಬೋಗುಣಿಯ ನೀರು ಚೆಲ್ಲಿ, ಹೊರಗೆ ಕೂತವರಿಗೆ ಹೋಗಿ ಹೇಳಿ.